ಕಮಾಂಡೆಂಟನ ಪರವಾಗಿ

"ಮೀಸೆ ಬೇಡ ಅಂದ್ರೆ ಬೇಡ" ಎಂದು ಕಮಲಾಕ್ಷಣ್ಣ ಮುಖವನ್ನು ಹಿಂದಕ್ಕೆ ಎಳೆದುಕೊಂಡರು.

ಲೀಲಾಕ್ಷಿಯ ಬೆರಳ ತುದಿಯಲ್ಲಿ ಹಲ್ಲುಜ್ಜುವ ಬ್ರಶ್ಶಿನ ತಲೆಯಷ್ಟು ಗಾತ್ರದ ಕಪ್ಪು ಮೀಸೆಯೊಂದು ಅಂಟಿಕೊಂಡು ಕೂತಿತ್ತು. ಬುಸೈತೀನಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಆಕೆ ಕನ್ನಡಿಗರ ಸಂಘದ ನಾಟಕಗಳಿಗೆಲ್ಲ ಬಣ್ಣ ಹಚ್ಚುವವಳು. ರಾಜನಿಂದ ಹಿಡಿದು ಭಿಕ್ಷುಕನವರೆಗೆ ಯಾರ ಮುಖಕ್ಕೆ ಏನು ಬೇಕೆಂದು ತನಗೆ ಗೊತ್ತಿರುವಷ್ಟು ಕೊಲ್ಲಿಯ ಈ ದ್ವೀಪದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬುದು ಆಕೆಯ ನಂಬಿಕೆ.

"ಜರ್ಮನಿಯವ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು ಕಮಲಾಕ್ಷಣ್ಣ? ಈ ಕೋಟು ನೋಡಿದ್ರೆ ಯಾವುದೋ ಮಾಲಿನ ವಾಚ್‌ಮ್ಯಾನ್ ಅಂತ ತಿಳ್ಕೊಳ್ತಾರೆ."

"ಬಾಯಿ ಬಿಟ್ಟ ಮೇಲೆ ಗೊತ್ತಾಗ್ತದೆ ಮಾರಾಯ್ತಿ. ಮೀಸೆ ಇಟ್ರೆ ಜನ ನಗ್ತಾರೆ. ಇವ ನಗಿಸುವವ ಅಲ್ಲ."

"ನಗಿಸದಿದ್ರೆ ಬೇಡ. ಹೆದರಿಸ್ಲಿಕ್ಕಾದ್ರೂ ಏನಾದ್ರೂ ಬೇಕಲ್ಲ? ನಿಮ್ಮ ಮುಖ ನೋಡಿದ್ರೆ ಸಾಲ ಕೇಳುವ ಅಂತ ಆಗ್ತದೆ."

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಜಯರಾಜನಿಗೆ ನಗು ಗಂಟಲವರೆಗೆ ಬಂತು. ನುಂಗಿಕೊಂಡ. ಈ ಮನುಷ್ಯ ಇರುವ ಕಡೆ ನಗಬಾರದೆಂದು ಅವನು ಎರಡೂವರೆ ವರ್ಷದಿಂದ ವ್ರತ ಹಿಡಿದಿದ್ದ. ಹಾಸಿಗೆಗೆ ಹೊಲಿಯುವ ಪಟ್ಟೆ ಬಟ್ಟೆಯಲ್ಲಿ ಹೊಲಿದ ಕೈದಿಯ ಅಂಗಿ ಅವನ ಮೈಮೇಲೆ ನೇತಾಡುತ್ತಿತ್ತು. ಬಣ್ಣದ ಅಗತ್ಯವೇ ಇಲ್ಲ ಎಂದು ಲೀಲಾಕ್ಷಿ ಅವನನ್ನು ಆಗಲೇ ಬಿಟ್ಟುಬಿಟ್ಟಿದ್ದಳು.

ಸೋಮವಾರ ಕಮಲಾಕ್ಷಣ್ಣ ಊರಿಗೆ ಹೋಗುವವರು. ಹೋದರೆ ತಿರುಗಿ ಬರುವವರಲ್ಲ. ಕಂಪನಿ ಅವರ ವೀಸಾ ಮುಗಿಸಿಯಾಗಿತ್ತು, ಸಾಮಾನು ಕಾರ್ಗೋದಲ್ಲಿ ಹೋಗಿಯಾಗಿತ್ತು. ಅಷ್ಟರೊಳಗೆ ಜಯರಾಜನಿಗೆ ಅವರ ಬಾಯಿಂದ ಒಂದು ಮಾತು ಬೇಕಿತ್ತು. ಭೀಮಾರಾಮನ ಬಗ್ಗೆ ಒಂದು ಮಾತು. ಒಳ್ಳೆಯದೋ ಕೆಟ್ಟದ್ದೋ, ಏನಾದರೊಂದು. ಅದಿಲ್ಲದೆ ಈ ಮನುಷ್ಯ ಮುಹರ್ರಕ್ಕಿನಿಂದ ವಿಮಾನ ಹತ್ತಿಬಿಟ್ಟರೆ ತನ್ನೊಳಗೆ ಉರಿಯುತ್ತಿರುವುದು ಸಾಯುವತನಕ ಉರಿಯುತ್ತಲೇ ಇರುತ್ತದೆ ಎಂದು ಅವನಿಗೆ ಅನಿಸುತ್ತಿತ್ತು. ಈ ನಾಟಕಕ್ಕೆ ಅವನು ಒಪ್ಪಿದ್ದೇ ಅದಕ್ಕೆ.

ಒಪ್ಪಿದ್ದೂ ಒಂದು ತಮಾಷೆಯೇ. ಶಾಲೆಯಲ್ಲಿ ಪಾಠ ಹೇಳುವ ಶರ್ಮಿಳಾ ಟೀಚರ ಫ್ಲ್ಯಾಟಿಗೆ ಅವನು ಏಸಿ ರಿಪೇರಿಗೆ ಹೋಗಿದ್ದ. ಏಣಿಯ ಮೇಲೆ ನಿಂತವನನ್ನು ಆಕೆ ಕೆಳಗಿನಿಂದ ತುಂಬ ಹೊತ್ತು ನೋಡಿ, "ಬೇಜಾರು ಮಾಡ್ಬೇಡಿ, ನಿಮ್ಮನ್ನು ನೋಡಿದ್ರೆ ಊಟ ಮಾಡಿ ತಿಂಗಳಾದ ಹಾಗೆ ಕಾಣ್ತದೆ. ನಮ್ಮ ನಾಟಕಕ್ಕೆ ಅಂಥವ್ರೇ ಬೇಕಿತ್ತು" ಎಂದಿದ್ದಳು. ಮುಖ್ಯ ಪಾರ್ಟು ಯಾರದ್ದೆಂದು ಕೇಳಿದ. ಕಮಲಾಕ್ಷ ಅಂತ, ತಾಳಮದ್ದಳೆಯವ್ರು, ಗೊತ್ತುಂಟಾ ಎಂದಳು. ಗೊತ್ತುಂಟು ಎಂದ.

ನಾಟಕ ಬರೆದವರು ಅವಾಲಿಯಲ್ಲಿ ಇಂಜಿನಿಯರ್ ಆಗಿರುವ ಬಾಲಸುಬ್ರಹ್ಮಣ್ಯ. ಮೈಸೂರಿನವರು, ಕಾಲೇಜು ದಿನಗಳಲ್ಲಿ ನಾಟಕದ ಹುಚ್ಚು ಹತ್ತಿಸಿಕೊಂಡವರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಪೋಲೆಂಡಿನಲ್ಲಿದ್ದ ನಾಜಿಗಳ ಒಂದು ಸಾವಿನ ಶಿಬಿರದ ಕಮಾಂಡೆಂಟನನ್ನು ಹಿಡಿದು ತಂದು ವಿಚಾರಣೆ ನಡೆಸುವ ಕತೆ. ಬ್ರೆನ್ನರ್ ಎಂದು ಅವನ ಹೆಸರು. ಬೆತ್ತ ಹಿಡಿದ ಅಪ್ಪನ ಕೈಯಲ್ಲಿ ಬೆಳೆದವ, ಕೆಲಸವಿಲ್ಲದೆ ಅಲೆದವ, ಸಮವಸ್ತ್ರ ಸಿಕ್ಕಿದ ಮೇಲೆ ಸಾವಿರಾರು ಯಹೂದಿಗಳನ್ನು ಬಾಗಿಲು ಹಾಕಿ ವಿಷಾನಿಲ ಬಿಟ್ಟು ಕೊಲ್ಲಿಸಿದವ. ಬೇಲಿಯ ಈಚೆಗೆ, ಹೊಗೆ ಕಾಣುವಷ್ಟು ದೂರದಲ್ಲಿ, ಹೆಂಡತಿ ಮಕ್ಕಳ ಜೊತೆ ಮನೆ ಮಾಡಿಕೊಂಡು ಜೇನು ಸಾಕುತ್ತಿದ್ದ. ಕೊನೆಗೆ ಗಲ್ಲು. ಬಾಲಸುಬ್ರಹ್ಮಣ್ಯರೇ ನ್ಯಾಯಾಧೀಶ, ಶರ್ಮಿಳಾ ಸರ್ಕಾರಿ ವಕೀಲೆ, ಕಮಾಂಡೆಂಟನ ಜೇನುಪೆಟ್ಟಿಗೆ ಮಾಡಿಕೊಡುತ್ತಿದ್ದ ಕೈದಿ ಬಡಗಿಯಾಗಿ ಜಯರಾಜ. ಬಡಗಿಗೆ ನಾಲ್ಕೇ ಮಾತು. ಉಳಿದ ಹೊತ್ತೆಲ್ಲ ಸಾಕ್ಷಿಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂರುವುದು.

ಬಾಲಸುಬ್ರಹ್ಮಣ್ಯರು ತಪ್ಪಿದ್ದು ಇಲ್ಲೇ. ಘಟ್ಟದ ಮೇಲಿನವರಿಗೆ ಅದು ತಪ್ಪೆಂದು ಹೊಳೆಯುವುದೂ ಕಷ್ಟ. ಕಮಾಂಡೆಂಟನ ಪಾರ್ಟಿಗೆ ಅವರು ತಾಳಮದ್ದಳೆಯ ಮನುಷ್ಯನನ್ನು ಹಾಕಿದರು. ಸ್ಪಷ್ಟ ಕನ್ನಡ, ಗಟ್ಟಿ ಗಂಟಲು, ಜೊತೆಗೆ ಊರಿಗೆ ಹೊರಟ ಹಿರಿಯರಿಗೆ ಒಂದು ಮರ್ಯಾದೆ ಮಾಡಿದ ಹಾಗೂ ಆಯಿತು ಎಂದುಕೊಂಡರು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಎದುರುಬದುರು ಕೂತು ಮಾತಾಡುವುದಷ್ಟೇ. ಹಾಡು ಮಾತ್ರ ಬರೆದಿಟ್ಟದ್ದು, ಮಾತು ಆ ಕ್ಷಣಕ್ಕೆ ಹುಟ್ಟಬೇಕಾದದ್ದು. ಎದುರಿನವ ಏನು ಕೇಳುತ್ತಾನೆಂದು ಇವನಿಗೆ ಗೊತ್ತಿಲ್ಲ, ಇವನು ಏನು ಹೇಳುತ್ತಾನೆಂದು ಇವನಿಗೇ ಗೊತ್ತಿಲ್ಲ. ಪಾಪಿಯ ಪಾತ್ರ ಸಿಕ್ಕಿದರೆ ಪಾಪಿಯ ಪರವಾಗಿಯೇ ಜೀವ ಬಿಟ್ಟು ವಾದಿಸಬೇಕು. ಪಾಪಿಯಲ್ಲವೇ ಎಂದು ಮಾತನ್ನು ಸಡಿಲ ಬಿಟ್ಟರೆ ಅದು ಎದುರು ಕೂತವನಿಗೆ ಮಾಡುವ ಅವಮಾನ. ಕರಾವಳಿಯ ಜನ ಖಳನ ಮಾತಿಗೆ ತಲೆದೂಗುತ್ತಾರೆ, ಮನೆಗೆ ಹೋಗಿ ದೇವರಿಗೆ ಕೈಮುಗಿಯುತ್ತಾರೆ. ಎರಡಕ್ಕೂ ಜಗಳವಿಲ್ಲ.

ಅದನ್ನು ಜಯರಾಜ ಕಲಿತದ್ದು ಕಂಪನಿಯ ಕೆಲಸಗಾರರು ವಾಸಿಸುವ ಸಿತ್ರಾದ ಕ್ಯಾಂಪಿನಲ್ಲಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಲ್ಪೆಯ ಬೋಟಿನಲ್ಲಿ ಬಲೆ ಎಳೆದು, ಅಲ್ಲಿಂದ ಒಬ್ಬ ಏಜೆಂಟನ ಕೈ ಹಿಡಿದು ಬಂದವನನ್ನು ಕಂಪನಿಯ ಬಸ್ಸು ತಗಡಿನ ಕೋಣೆಗಳ ಆ ಸಾಲಿನ ಮುಂದೆ ಇಳಿಸಿ ಹೋಗಿತ್ತು. ಬಾಗಿಲಲ್ಲಿ ಬೀಗದ ಕೀಲಿಗಳ ದೊಡ್ಡ ಗೊಂಚಲು ಹಿಡಿದು ನಿಂತಿದ್ದ ಮನುಷ್ಯ, "ಯಾವೂರು ಮಾರಾಯ?" ಎಂದು ತುಳುವಿನಲ್ಲಿ ಕೇಳಿದ್ದರು. ಅವರೇ ಕಮಲಾಕ್ಷಣ್ಣ, ಕ್ಯಾಂಪ್ ಬಾಸ್. ನೀರು, ಕರೆಂಟು, ಮೆಸ್ಸು, ಯಾರಿಗೆ ಯಾವ ಮಂಚ ಎನ್ನುವುದೆಲ್ಲ ಅವರ ಕೈಯಲ್ಲಿ. ಆ ದಿನ ಜಯರಾಜನಿಗೆ ಕಿಟಕಿಯ ಪಕ್ಕದ ಮಂಚ ಕೊಟ್ಟು, ತಮ್ಮದೇ ಕೋಣೆಯಿಂದ ಗಂಜಿ ಮತ್ತು ಒಣಮೀನಿನ ಚಟ್ನಿ ತಂದು ಇಟ್ಟಿದ್ದರು. ಊರು ಬಿಟ್ಟ ಮೇಲೆ ಅವನು ಹೊಟ್ಟೆ ತುಂಬ ಉಂಡದ್ದು ಆವತ್ತೇ.

ಶುಕ್ರವಾರ ಬಂತೆಂದರೆ ಆ ಮೆಸ್ಸಿನ ಸೊಗಸೇ ಬೇರೆ. ಮಧ್ಯಾಹ್ನ ಊಟದ ತಟ್ಟೆಗಳನ್ನು ತೊಳೆದಿಟ್ಟು, ಮೇಜುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಕಂಬಳಿ ಹಾಸುತ್ತಿದ್ದರು. ಕುಂದಾಪುರದ ಒಬ್ಬ ಕ್ರೇನ್ ಡ್ರೈವರ್ ಕಣ್ಣು ಮುಚ್ಚಿ ಹಾಡು ಎತ್ತುತ್ತಿದ್ದ. ಮದ್ದಳೆ ಎಲ್ಲಿಂದ ಬರಬೇಕು? ಖಾಲಿ ನೀರಿನ ಕ್ಯಾನನ್ನು ಮಗುಚಿ ಇಟ್ಟು ಬಾರಿಸುವುದೇ ಮದ್ದಳೆ. ಕಮಲಾಕ್ಷಣ್ಣ ಗಂಟಲು ಸರಿಮಾಡಿಕೊಂಡು ಶಾಲನ್ನು ಎಡ ಹೆಗಲಿಗೆ ಎಸೆದರೆಂದರೆ, ಆ ತಗಡಿನ ಮಾಡು, ಸೊಳ್ಳೆಬಲೆ, ಬಾಗಿಲ ಹೊರಗಿನ ಸಾಲು ಸಾಲು ಸೇಫ್ಟಿ ಶೂ ಎಲ್ಲ ಮಾಯವಾಗಿ ಅಲ್ಲೊಂದು ಆಸ್ಥಾನ ಎದ್ದು ನಿಲ್ಲುತ್ತಿತ್ತು. ಜಯರಾಜನನ್ನು ಎದುರು ಕೂರಿಸಿ, "ಕೇಳು, ಏನು ಬೇಕಾದ್ರೂ ಕೇಳು. ನನ್ನನ್ನು ಬೀಳಿಸು ನೋಡುವ" ಎನ್ನುತ್ತಿದ್ದರು. ಬೀಳಿಸಲು ಆಗುತ್ತಿರಲಿಲ್ಲ. ಆದರೆ ಬೀಳಿಸುವ ಆಸೆಯಿಂದಲೇ ಶಾಲೆ ಬಿಟ್ಟವನ ನಾಲಗೆಗೆ ಕನ್ನಡ ಬಂತು. ಸಂಧಿ ಸಮಾಸಗಳನ್ನು ಮಾಸ್ತರರು ಹೊಡೆದು ಕಲಿಸಲಾರದೆ ಸೋತಿದ್ದರು. ಇವರು ನಗಿಸಿ ಕಲಿಸಿದರು.

ಹಿಂದಿನ ಸಾಲಿನಲ್ಲಿ, ಭಾಷೆ ಒಂದಕ್ಷರ ತಿಳಿಯದಿದ್ದರೂ ಪ್ರತಿ ವಾರ ಬಂದು ಕೂರುವವನು ಭೀಮಾರಾಮ. ರಾಜಸ್ಥಾನದವ, ಗಾರೆಯವ. ತಮ್ಮ ಊರಲ್ಲೂ ಹೀಗೇ ಕೂತು ಹಾಡುತ್ತಾರೆ ಎಂದು ಹೇಳುತ್ತಿದ್ದ. ಎಲ್ಲ ಮುಗಿದು ಚಹಾ ಬಂದಾಗ ಕಮಲಾಕ್ಷಣ್ಣನ ಹತ್ತಿರ ಸರಿದು, "ಮಾಸ್ಟರ್‌ಜೀ, ಆಜ್ ಕೌನ್ ಹಾರಾ?" ಎಂದು ಕೇಳುತ್ತಿದ್ದ. ಇವತ್ತು ಸೋತದ್ದು ಯಾರು? ಗೆದ್ದವನ ಬಗ್ಗೆ ಅವನಿಗೆ ಆಸಕ್ತಿಯಿಲ್ಲ. ಸೋತವನ ಹೆಸರು ಕೇಳಿ, ಪಾಪ ಎನ್ನುವಂತೆ ತಲೆಯಾಡಿಸಿ, ತನ್ನ ಲೋಟದ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಎಷ್ಟು ಒಳ್ಳೆಯ ದಿನಗಳು ಅವು. ಮೈ ಮುರಿಯುವ ದುಡಿತ ಇತ್ತು, ಸಂಬಳ ತಡವಾಗುತ್ತಿತ್ತು, ಆದರೂ ಜಯರಾಜ ಆ ಶುಕ್ರವಾರಗಳಿಗೆ ಕಾದು ಕೂರುತ್ತಿದ್ದ. ಅಂಥ ಶುಕ್ರವಾರ ಮತ್ತೆ ಅವನ ಪಾಲಿಗೆ ಬರಲಿಲ್ಲ.

ಎರಡೂವರೆ ವರ್ಷದ ಹಿಂದಿನ ಜುಲೈ ತಿಂಗಳು. ಹಗಲು ಹೊತ್ತಿನಲ್ಲಿ ಕ್ಯಾಂಪಿನ ಏಸಿ ಹಾಕಬಾರದೆಂದು ಕಂಪನಿಯ ಆರ್ಡರು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಖಾಲಿ ಕೋಣೆಗೆ ತಂಪು ಯಾಕೆ ಎಂದು ಯಾವನೋ ತಂಪು ಕೋಣೆಯಲ್ಲಿ ಕೂತವನು ಬರೆದದ್ದು. ಕರೆಂಟಿನ ಪ್ಯಾನೆಲ್ ರೂಮಿಗೆ ಬೀಗ, ಕೀಲಿ ಕಮಲಾಕ್ಷಣ್ಣನ ಕಿಸೆಯಲ್ಲಿ. ಆವತ್ತು ಭೀಮಾರಾಮನಿಗೆ ಜ್ವರ, ಕೋಣೆಯಲ್ಲೇ ಮಲಗಿದ್ದ. ಸೈಟಿನಿಂದ ಜಯರಾಜ ಫೋನ್ ಮಾಡಿದ. "ಆರ್ಡರ್ ಇಲ್ದೆ ಹಾಕ್ಲಿಕ್ಕೆ ಆಗುದಿಲ್ಲ ಜಯ. ಆಫೀಸಿಗೆ ಕೇಳ್ತೇನೆ" ಎಂದರು. ಮತ್ತೆ ಮಾಡಿದ. "ಆಫೀಸಿನಲ್ಲಿ ಯಾರೂ ಫೋನ್ ಎತ್ತುದಿಲ್ಲ" ಎಂದರು. ಸಾಯಂಕಾಲ ಬಸ್ಸು ಇಳಿದು ಓಡಿ ಹೋಗಿ ಬಾಗಿಲು ತೆಗೆದಾಗ ತಗಡಿನ ಕೋಣೆಯ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು. ಭೀಮಾರಾಮನ ಕಣ್ಣು ತೆರೆದಿತ್ತು, ಕರೆದರೆ ಉತ್ತರವಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ, ಅಷ್ಟೇ.

ಕಾಗದಪತ್ರ ಮಾಡಿಸಿದ್ದು, ಹೆಣ ಊರಿಗೆ ಕಳಿಸಿದ್ದು, ಎಲ್ಲರ ಹತ್ತಿರ ಕೇಳಿ ಅವನ ಮನೆಗೆ ಏನಾದರೂ ಮುಟ್ಟಿಸಿದ್ದು, ಎಲ್ಲವನ್ನೂ ಕಮಲಾಕ್ಷಣ್ಣನೇ ಮಾಡಿದರು. ಮಾತು ಮಾತ್ರ ಆಡಲಿಲ್ಲ. ಲೋಕದ ಖಳರಿಗೆಲ್ಲ ಮಾತು ಕೊಟ್ಟವರು, ತಮ್ಮದೇ ಒಂದು ಬಾಗಿಲ ಬಗ್ಗೆ ತುಟಿ ಬಿಚ್ಚಲಿಲ್ಲ. ಮುಂದಿನ ಶುಕ್ರವಾರ ಕಂಬಳಿ ಹಾಸಿದಾಗ ಜಯರಾಜ ಹೋಗಲಿಲ್ಲ. ಕಂಪನಿ ಬಿಡಲು ರಿಲೀಸ್ ಕಾಗದ ತೆಗೆದುಕೊಂಡು ಮುಹರ್ರಕ್ಕಿನ ಒಂದು ಏಸಿ ಅಂಗಡಿ ಸೇರಿದ. ಕಂಡಕಂಡವರ ಮೇಲೆ ಸಿಡುಕುವವನೆಂದು ಅಲ್ಲಿ ಹೆಸರು ಪಡೆದ.

ರಿಹರ್ಸಲಿನ ತಿಂಗಳುದ್ದಕ್ಕೂ ಕಮಲಾಕ್ಷಣ್ಣ ಸ್ಕ್ರಿಪ್ಟು ಬಿಟ್ಟು ಒಂದಕ್ಷರ ಆಚೀಚೆ ಹೋಗಲಿಲ್ಲ. "ನೋಡ್ರಿ, ಡಿಸಿಪ್ಲಿನ್ ಅಂದ್ರೆ ಇದು. ಅವ್ರಿಂದ ಕಲೀರಿ" ಎಂದು ಬಾಲಸುಬ್ರಹ್ಮಣ್ಯ ಎಲ್ಲರೆದುರು ಹೊಗಳಿದರು. ಜಯರಾಜ ಬಾಯಿ ಮುಚ್ಚಿಕೊಂಡಿದ್ದ. ರಿಹರ್ಸಲಿನಲ್ಲಿ ಎದುರು ಇದ್ದದ್ದು ಖಾಲಿ ಕುರ್ಚಿಗಳು. ಖಾಲಿ ಕುರ್ಚಿಗೆ ಯಾವ ತಾಳಮದ್ದಳೆಯವನೂ ಮಾತು ಖರ್ಚು ಮಾಡುವುದಿಲ್ಲ.

ಈಗ ಕುರ್ಚಿಗಳು ತುಂಬಿದ್ದವು. ಶುಕ್ರವಾರದ ಸಂಜೆ, ಜನವರಿಯ ಚಳಿ, ಮನಾಮದ ಸಭಾಭವನ. ಮುಂದಿನ ಸಾಲಿನಲ್ಲಿ ಬ್ಯಾಂಕಿನವರು, ಕಂಪನಿ ಮ್ಯಾನೇಜರುಗಳು, ಅವರ ರೇಷ್ಮೆ ಸೀರೆಯ ಹೆಂಡತಿಯರು. ಹಿಂದೆ ಡ್ರೈವರುಗಳು, ಹೋಟೆಲಿನ ಹುಡುಗರು. ಮೊದಲ ಎರಡು ದೃಶ್ಯ ಗಡಿಯಾರದ ಹಾಗೆ ನಡೆದವು. ಬ್ರೆನ್ನರನ ಬಾಲ್ಯ, ಬ್ರೆನ್ನರನ ಜೇನು. ಮೂರನೆಯದು ವಿಚಾರಣೆ.

ಶರ್ಮಿಳಾ ಕಪ್ಪು ಕೋಟು ಸರಿಮಾಡಿಕೊಂಡು ಕೇಳಿದಳು: "ಆಪಾದಿತರೇ, ಆ ಬಾಗಿಲುಗಳು ಮುಚ್ಚಿದ್ದು ನಿಮ್ಮ ಮಾತಿನ ಮೇಲೆಯೇ ಎಂದು ಒಪ್ಪುತ್ತೀರಾ?"

ಸ್ಕ್ರಿಪ್ಟಿನಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರ. ಒಪ್ಪುತ್ತೇನೆ, ಅದು ನನ್ನ ಕೆಲಸವಾಗಿತ್ತು. ಕಮಲಾಕ್ಷಣ್ಣ ಎದ್ದು ನಿಂತರು. ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಗಂಟಲು ಸರಿಮಾಡಿಕೊಂಡರು. ಇಲ್ಲದ ಶಾಲನ್ನು ಹುಡುಕಿಕೊಂಡು ಕೈ ಎಡ ಹೆಗಲಿಗೆ ಹೋಯಿತು. ಮುಗಿಯಿತು ಕತೆ, ಎಂದುಕೊಂಡ ಜಯರಾಜ.

"ಒಪ್ಪುವುದೋ ಬಿಡುವುದೋ ಆಮೇಲಿನ ಮಾತು ತಾಯೀ. ಮೊದಲು ನೀವು ಯಾರನ್ನು ಹಿಡಿದು ತಂದಿದ್ದೀರಿ ಎಂಬುದನ್ನು ನೋಡಿಕೊಳ್ಳಿ. ಬಾಣ ಬಿಟ್ಟವನು ತಪ್ಪಿಸಿಕೊಂಡ. ಬಿಲ್ಲನ್ನು ತಂದು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ. ಆಜ್ಞೆಯನ್ನು ಯೋಚಿಸಿದ ತಲೆ ಒಂದು, ಬರೆದ ಕೈ ಇನ್ನೊಂದು, ಮೊಹರು ಒತ್ತಿದ ಕೈ ಮತ್ತೊಂದು. ಕೈದಿಗಳನ್ನು ತುಂಬಿ ತಂದ ರೈಲನ್ನು ಓಡಿಸಿದವನು ಊರಿನಲ್ಲಿ ಪಿಂಚಣಿ ತಿನ್ನುತ್ತಿದ್ದಾನೆ. ಕೊನೆಗೆ ಬಾಗಿಲು ಎಳೆದ ಕೈ ಮಾತ್ರ ನಿಮ್ಮ ಕಣ್ಣಿಗೆ ಬಿತ್ತು. ಯಾಕೆಂದರೆ ಅದು ಹತ್ತಿರವಿತ್ತು. ದೂರದ ಪಾಪ ಮಂಜಿನ ಹಾಗೆ, ಕಾಣುವುದಿಲ್ಲ."

ಹಿಂದಿನಿಂದ ಒಂದು ಶಿಳ್ಳೆ ಬಂತು. ಕಮಲಾಕ್ಷಣ್ಣನ ದನಿ ಏರಿತು.

"ನಾನು ಆಗುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು? ಆ ಬಾಗಿಲು ತೆರೆದೇ ಇರುತ್ತಿತ್ತೇ? ಮರುದಿನ ನನ್ನ ಕುರ್ಚಿಯಲ್ಲಿ ಇನ್ನೊಬ್ಬ. ಅವನು ನನಗಿಂತ ಒಳ್ಳೆಯವನೆಂದು ಯಾರು ಬರೆದುಕೊಡುತ್ತೀರಿ? ಇಲ್ಲಿ ಕೂತ ಮಹನೀಯರೇ, ಮೇಲಿನವರ ಮಾತಿಗೆ ಒಮ್ಮೆಯೂ ತಲೆಯಾಡಿಸದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಎದ್ದು ನಿಲ್ಲಿ. ಅವರ ಕೈಯಿಂದಲೇ ನನ್ನ ಕೊರಳಿಗೆ ಹಗ್ಗ ಬೀಳಲಿ."

ಯಾರೂ ಎದ್ದು ನಿಲ್ಲಲಿಲ್ಲ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಮ್ಯಾನೇಜರುಗಳು ಒಬ್ಬರ ಮುಖ ಒಬ್ಬರು ನೋಡಿ, ಭಲೇ ಎಂದು ತಲೆದೂಗಿ, ಉಂಗುರದ ಕೈಗಳನ್ನು ತಟ್ಟಿದರು. ಶರ್ಮಿಳಾ ದಿಕ್ಕುತಪ್ಪಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. "ಒಂದೇ ಬಾಗಿಲನ್ನು ಎಷ್ಟು ಸಲ ತಟ್ಟುತ್ತೀರಿ ತಾಯೀ?" ಎಂದರು ಕಮಲಾಕ್ಷಣ್ಣ. ಸಭೆ ನಕ್ಕಿತು. ನ್ಯಾಯಾಧೀಶರ ಪೀಠದಲ್ಲಿ ಬಾಲಸುಬ್ರಹ್ಮಣ್ಯ ಮೈಕಿಗೆ ಕೈ ಮುಚ್ಚಿ, "ಸ್ಕ್ರಿಪ್ಟ್ ಸರ್, ಸ್ಕ್ರಿಪ್ಟ್" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದರು.

ಜಯರಾಜ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಾರಿಗೆ ಬೀಳುತ್ತಿದೆ ಈ ಚಪ್ಪಾಳೆ? ಆ ಶಿಬಿರವೂ ಸಿತ್ರಾದ ಕ್ಯಾಂಪೂ ಒಂದೇ ಎನ್ನುವಷ್ಟು ಮೂರ್ಖ ಅವನಲ್ಲ. ಅಲ್ಲಿ ಕೊಲ್ಲುವುದಕ್ಕೆಂದೇ ಬಾಗಿಲು ಹಾಕಿದರು, ಇಲ್ಲಿ ಯಾರಿಗೂ ಕೊಲ್ಲುವ ಮನಸ್ಸಿರಲಿಲ್ಲ. ಆದರೆ ಈ ಮಾತು! ಈ ಮಾತನ್ನು ಎರಡೂವರೆ ವರ್ಷ ಎಲ್ಲಿ ಬಚ್ಚಿಟ್ಟಿದ್ದರು? ತನ್ನೆದುರು ಆಡಬೇಕಾಗಿದ್ದ ಮಾತನ್ನು ಸತ್ತ ಜರ್ಮನನ ಕೋಟು ಹಾಕಿಕೊಂಡು ಈ ರೇಷ್ಮೆ ಸೀರೆಗಳ ಮುಂದೆ ಆಡಿ ಬಿಡುಗಡೆ ಪಡೆಯುತ್ತಿದ್ದಾರೆ. ಬರೀ ಬಿಡುಗಡೆಯಲ್ಲ, ಶಿಳ್ಳೆ ಸಮೇತ.

ಅವನು ಎದ್ದು ನಿಂತ. ಬಡಗಿ ಎದ್ದು ನಿಲ್ಲುವ ಜಾಗ ಅದಾಗಿರಲಿಲ್ಲ.

"ಕಮಾಂಡೆಂಟರೇ, ನಾನು ನಿಮ್ಮ ಜೇನುಪೆಟ್ಟಿಗೆ ಮಾಡಿದ ಬಡಗಿ. ದೊಡ್ಡವರ ವಾದ ನನಗೆ ತಿಳಿಯುವುದಿಲ್ಲ. ಸಣ್ಣ ಸಣ್ಣದು ಕೇಳಿಕೊಳ್ಳಬಹುದೇ?"

ಕಮಲಾಕ್ಷಣ್ಣ ತಿರುಗಿದರು. ಅವರ ಮುಖ ಬೆಳಗಿದ್ದನ್ನು ಜಯರಾಜ ಕಂಡ. ಬಣ್ಣದ ಕೆಳಗಿನಿಂದ ಮೆಸ್ಸಿನ ಆ ಮುಖ ಎದ್ದು ಬಂದಿತ್ತು. ಹುಡುಗ ಕೊನೆಗೂ ಎದುರು ಬಂದು ಕೂತ ಎನ್ನುವ ಸಂತೋಷ. ನನ್ನನ್ನು ಬೀಳಿಸು ನೋಡುವ ಎನ್ನುವ ಸಂತೋಷ.

"ಕೇಳು ಬಡಗಿ. ಪೆಟ್ಟಿಗೆ ಮಾಡಿದವನಿಗೆ ಜೇನಿನಲ್ಲಿ ಪಾಲುಂಟು."

"ನಿಮ್ಮ ಜೇನು ಯಾವ ಹೂವಿನದು?"

"ವಸಂತದಲ್ಲಿ ಸೇಬಿನ ಹೂವಿನದು, ಬೇಸಿಗೆಯಲ್ಲಿ ಸಾಸಿವೆಯದು. ಮೊದಲಿನದು ಮಕ್ಕಳಿಗೆ, ಎರಡನೆಯದು ಅತಿಥಿಗಳಿಗೆ."

"ನೀವು ಹತ್ತುವ ಕುದುರೆಗೆ ಹೆಸರಿದೆಯೇ?"

"ಇಲ್ಲದೆ? ಆಲ್ಮಾ. ಹಣೆಯಲ್ಲಿ ಬಿಳಿ ಚುಕ್ಕೆ. ನನ್ನ ಹೆಜ್ಜೆಯ ಸದ್ದಿಗೇ ಕೆನೆಯುತ್ತಿದ್ದಳು."

"ನಾಯಿಗೆ?"

"ಫಾಲ್ಕ್. ಮುದಿಯ, ಒಂದು ಕಿವಿ ಕೇಳಿಸದು. ಆದರೂ ಬಾಗಿಲು ಬಿಟ್ಟು ಕದಲಿದವನಲ್ಲ."

ಉತ್ತರಗಳು ಎಣ್ಣೆ ಹಚ್ಚಿದ ಹಾಗೆ ಜಾರಿ ಬರುತ್ತಿದ್ದವು. ಸಭೆ ಉಸಿರು ಹಿಡಿದು ಕೇಳುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಜಯರಾಜನಿಗೆ ಸಿಟ್ಟೇ ಮರೆತುಹೋಯಿತು. ಕಾಲ ಕೆಳಗೆ ಕಂಬಳಿಯಿದೆ, ಪಕ್ಕದಲ್ಲಿ ನೀರಿನ ಕ್ಯಾನು ಬಡಿಯುತ್ತಿದೆ, ಹೀಗೇ ಕೇಳುತ್ತಾ ಹೋಗಬೇಕು, ಅವರು ಹೇಳುತ್ತಾ ಹೋಗಬೇಕು, ಸೂರ್ಯ ಸಿತ್ರಾದ ಟ್ಯಾಂಕುಗಳ ಹಿಂದೆ ಇಳಿಯುವವರೆಗೆ. ಆಮೇಲೆ ಅವನಿಗೆ ತಾನು ಯಾಕೆ ಎದ್ದು ನಿಂತೆನೆಂಬುದು ನೆನಪಾಯಿತು.

"ಸರಿ ಕಮಾಂಡೆಂಟರೇ. ಆ ಬೇಲಿಯ ಒಳಗೆ ಸತ್ತವರಲ್ಲಿ ಒಬ್ಬನ ಹೆಸರು ಹೇಳಿ. ಒಬ್ಬನದು ಸಾಕು."

ತಾಳಮದ್ದಳೆಯವನಿಗೆ ಹೆಸರು ಒಂದು ಲೆಕ್ಕವೇ? ಹದಿನಾಲ್ಕು ಲೋಕದ ವಂಶಾವಳಿ ನಾಲಗೆಯಲ್ಲಿ ಇಟ್ಟುಕೊಂಡವರು. ಕುದುರೆಗೂ ನಾಯಿಗೂ ಈ ಕ್ಷಣದಲ್ಲಿ ಹೆಸರು ಹುಟ್ಟಿಸಿದವರು. ಕಮಲಾಕ್ಷಣ್ಣನ ಕೈ ಮತ್ತೆ ಎಡ ಹೆಗಲಿಗೆ ಹೋಗಿ, ಅಲ್ಲಿ ಹಿಡಿಯಲು ಏನೂ ಸಿಗದೆ ಕೆಳಗೆ ಬಿತ್ತು.

"ಭೀಮಾರಾಮ" ಎಂದರು.

ಮೈಕು ಅದನ್ನು ಹಿಂದಿನ ಗೋಡೆಯವರೆಗೂ ಮುಟ್ಟಿಸಿತು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹೋಟೆಲಿನ ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ನಗು ಸಾಲಿನಿಂದ ಸಾಲಿಗೆ ಮುಂದಕ್ಕೆ ಹರಿದು ಬಂತು. ಬಾಲಸುಬ್ರಹ್ಮಣ್ಯ ಸುತ್ತಿಗೆ ಎತ್ತಿ ಮೂರು ಸಲ ಬಡಿದು, ಉಳಿದ ಎರಡು ಪುಟ ಹಾರಿಸಿ, ಗಲ್ಲುಶಿಕ್ಷೆಯನ್ನು ಓದಿಬಿಟ್ಟರು. ಪರದೆ ಬಿತ್ತು.

"ಸರ್, ಪೋಲೆಂಡಲ್ಲಿ ಭೀಮಾರಾಮ್ ಎಲ್ಲಿಂದ್ ಬಂದ?" ಪರದೆಯ ಹಿಂದೆ ಬಾಲಸುಬ್ರಹ್ಮಣ್ಯ ಕಮಲಾಕ್ಷಣ್ಣನ ಎದುರು ಬಂದು ನಿಂತರು. "ಆರು ತಿಂಗಳು ಕೂತು ಬರ್ದಿದ್ದೀನಿ ಸರ್ ನಾನು. ಅಷ್ಟು ಜನ ಸತ್ತಿರೋ ವಿಷ್ಯ. ಆ ಸೀನಲ್ಲಿ ಜನ ನಕ್ರು. ನೀವೂ ಅಷ್ಟೇ ಜಯರಾಜ್, ನಿಮಗ್ಯಾರು ಎದ್ ನಿಲ್ಲೋಕೆ ಹೇಳಿದ್ದು?"

"ತಪ್ಪಾಯ್ತು ಸರ್" ಎಂದರು ಕಮಲಾಕ್ಷಣ್ಣ. "ಅವನದಲ್ಲ. ನನ್ನದು."

"ಪ್ರಾಯ ಆಯ್ತಲ್ಲ ಸರ್, ಬಿಡಿ" ಎಂದು ಲೀಲಾಕ್ಷಿ ನಡುವೆ ಬಂದಳು. "ನಮ್ಮ ಮಾವನೂ ಹೀಗೇ. ಮೊಮ್ಮಕ್ಕಳನ್ನು ಎಮ್ಮೆಯ ಹೆಸರಿಟ್ಟು ಕರೀತಾರೆ."

ಆ ಮೇಲೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ವಯಸ್ಸು ಯಾವ ಕಲಾವಿದನನ್ನೂ ಬಿಡುವುದಿಲ್ಲ, ಆದರೂ ಅವರ ಸೇವೆ ದೊಡ್ಡದು ಎಂದು ಸಂಘದ ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಮೊದಲು ಶಿಳ್ಳೆ ಹೊಡೆದಿದ್ದ ಜನ ಈಗ ಕನಿಕರದಿಂದ ಕೈ ತಟ್ಟಿದರು. ಕಮಲಾಕ್ಷಣ್ಣ ಕಮಾಂಡೆಂಟನ ಕೋಟಿನ ಮೇಲೆ ಶಾಲು ಹೊದ್ದು ಕೈಮುಗಿದು ನಿಂತಿದ್ದರು. ಅವರ ಬಾಯಿಗೆ ಇನ್ನೂ ಬಲವಿದೆ, ಆ ಹೆಸರು ಮರೆವಿನಿಂದ ಬಂದದ್ದಲ್ಲ ಎಂದು ಹೇಳಬಲ್ಲವನು ಆ ಇಡೀ ಸಭೆಯಲ್ಲಿ ಒಬ್ಬನೇ ಇದ್ದ. ಅವನು ರಂಗದ ಪಕ್ಕದ ಕತ್ತಲಲ್ಲಿ ಗೋಡೆಗೆ ಒರಗಿ ನಿಂತಿದ್ದ.

ಎಲ್ಲರೂ ಊಟಕ್ಕೆ ಹೋದ ಮೇಲೆ ಬಣ್ಣದ ಕೋಣೆಯಲ್ಲಿ ಇಬ್ಬರೇ ಉಳಿದರು. ಕಮಲಾಕ್ಷಣ್ಣ ಕನ್ನಡಿಯ ಮುಂದೆ ಕೂತು ಕೋಟಿನ ಗುಂಡಿ ಬಿಚ್ಚುತ್ತಿದ್ದರು.

"ಆ ಹೆಸರು ಯಾಕೆ ಹೇಳಿದ್ರಿ?" ಎಂದ ಜಯರಾಜ.

"ನೀನು ಕೇಳಿದೆಯಲ್ಲ."

"ನಾನು ಕಮಾಂಡೆಂಟನ ಹತ್ರ ಕೇಳಿದ್ದು. ಕುದುರೆಗೆ ಹೆಸರಿಟ್ರಿ, ಕಿವುಡು ನಾಯಿಗೂ ಇಟ್ರಿ. ಮನುಷ್ಯನಿಗೊಂದು ಸುಳ್ಳು ಹೆಸರು ಹುಟ್ಲಿಲ್ವಾ ನಿಮ್ಗೆ?"

"ಹುಟ್ಟಿತು. ನಾಲ್ಕು ಬಂತು ನಾಲಗೆ ತುದಿಗೆ." ಅವರು ಕನ್ನಡಿಯಲ್ಲೇ ಮಾತಾಡುತ್ತಿದ್ದರು. "ಭೀಮಾರಾಮನೇ ಎದುರು ಬಂದು ನಿಂತ ಮಾರಾಯ. ಅವುಗಳಿಗೆ ದಾರಿ ಬಿಡ್ಲಿಲ್ಲ."

ಹೊರಗಿನಿಂದ ಬಿರಿಯಾನಿಯ ವಾಸನೆ, ತಟ್ಟೆಗಳ ಸದ್ದು. ಜಯರಾಜನಿಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಇನ್ನು ಎದ್ದು ಹೋಗಬಹುದಿತ್ತು. ಆದರೆ ಬಾಯಿ ಕೇಳಿಬಿಟ್ಟಿತು.

"ಆವತ್ತು ಆಫೀಸಿಗೆ ಫೋನ್ ಮಾಡಿದ್ರಲ್ಲ. ಎಷ್ಟು ಸಲ ಮಾಡಿದ್ರಿ?"

ಕಮಲಾಕ್ಷಣ್ಣನ ಕೈ ಗುಂಡಿಯ ಮೇಲೆ ನಿಂತಿತು.

"ಮಾಡ್ಲಿಲ್ಲ."

"ಏನು?"

"ಫೋನ್ ಕೈಯಲ್ಲೇ ಇತ್ತು. ಹಿಂದಿನ ವಾರ ಇನ್ನೊಂದಕ್ಕೆ ಫೋನ್ ಮಾಡಿ ಬೈಸಿಕೊಂಡಿದ್ದೆ. ಮತ್ತೆ ಬೈಸಿಕೊಳ್ಳುದು ಯಾಕೆ ಅಂತ. ಸಾಯಂಕಾಲದವರೆಗೆ ಅಲ್ವಾ, ತಡ್ಕೊಳ್ತಾನೆ ಅಂತ." ಕೊನೆಯ ಗುಂಡಿ ಬಿಚ್ಚಿ ಹೇಳಿದರು, "ಅಲ್ಲಿ ಹೇಳಿದೆನಲ್ಲ, ಬಿಲ್ಲು, ಬಾಣ. ಎಲ್ಲ ಚಂದಕ್ಕೆ. ನನ್ನನ್ನು ಬಿಲ್ಲಿನ ಹಾಗೆ ಯಾರೂ ಎಳೀಲಿಲ್ಲ ಜಯ. ನಾನೇ ಕೂತಿದ್ದೆ."

ಎರಡೂವರೆ ವರ್ಷ ಜಯರಾಜ ಫೋನು ಎತ್ತದ ಆ ಆಫೀಸಿಗೆ ಶಾಪ ಹಾಕುತ್ತ ಬದುಕಿದ್ದ. ಈಗ ಶಾಪಕ್ಕೆ ಆಫೀಸೂ ಉಳಿಯಲಿಲ್ಲ. ಅವನು ಎದ್ದು ಬಾಗಿಲವರೆಗೆ ಹೋದ. ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತ. ಹೋಗಬೇಡ ಎಂದು ಅವರು ಹೇಳಲಿಲ್ಲ.

ತಿರುಗಿ ನೋಡಿದ. ಕಮಲಾಕ್ಷಣ್ಣ ಒಣ ಕಾಗದದ ಕರವಸ್ತ್ರದಿಂದ ಮುಖದ ಬಣ್ಣ ಉಜ್ಜುತ್ತಿದ್ದರು. ಬಿಳಿಚು ಬಣ್ಣ ಬಿಡದೆ, ಕಾಗದ ಮಾತ್ರ ಹರಿದು, ಕೆನ್ನೆ ಕೆಂಪಾಗಿತ್ತು. ಬಣ್ಣ ತೆಗೆಯಲೆಂದು ಲೀಲಾಕ್ಷಿ ಇಟ್ಟುಹೋಗಿದ್ದ ತೆಂಗಿನೆಣ್ಣೆಯ ಬಾಟಲಿ ಅವರ ಮೊಣಕೈಯ ಪಕ್ಕದಲ್ಲೇ ಇತ್ತು. ಚಳಿಗೆ ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಅವರು ಅದನ್ನು ಎತ್ತಿ ಅಂಗೈಯ ಮೇಲೆ ಬೋರಲು ಹಾಕಿ ನೋಡಿ, ಏನೂ ಬೀಳದೆ, ಮತ್ತೆ ಕಾಗದ ಹಿಡಿದರು.

ಜಯರಾಜ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಬಾಟಲಿಯನ್ನು ತೆಗೆದುಕೊಂಡು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದ. ಕಮಲಾಕ್ಷಣ್ಣ ಉಜ್ಜುವುದನ್ನು ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ ಬಾಟಲಿಯ ಅಂಚಿನಲ್ಲಿ ಎಣ್ಣೆ ಒಂದು ಕೂದಲೆಳೆಯಷ್ಟು ನೀರಾಯಿತು. ನಡುವಿನ ಬಿಳಿ ಗಟ್ಟಿ ಹಾಗೇ ನಿಂತಿತ್ತು.